ಬಸುರಿಯ ಊತ: ಯಾವಾಗ ಭಯ ಪಡಬೇಕು?

"ಬಸುರಿಗೆ ಊತ ಸಹಜ ಸಿಸ್ಟರ್, ಹೆತ್ತ ಮೇಲೆ ಇಳಿಯುತ್ತೆ" ಎಂದು ಸಂಘದ ಸಭೆಗಳಲ್ಲಿ ಅನೇಕರು ನಮಗೆ ಹೇಳುತ್ತಾರೆ. ಸಂಜೆ ಪಾದ ಊದಿ ಬೆಳಿಗ್ಗೆ ಇಳಿದರೆ ಹೆಚ್ಚಾಗಿ ಭಯವಿಲ್ಲ. ಆದರೆ ಕೊನೆಯ ತಿಂಗಳುಗಳಲ್ಲಿ ಮುಖ, ಕೈ ಊದಿ ಬಳೆ ಬಿಗಿಯಾದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಯಲ್ಲಿ ಬಿ.ಪಿ., ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಬಿ.ಪಿ. 140/90 ಮುಟ್ಟಿದರೆ ಅದು ಅಪಾಯದ ಗುರುತು. ಹಾಗೇ ಬಿಟ್ಟರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುತ್ತಾ ಕೂತರೆ ಹೊತ್ತು ಹೋಗುತ್ತದಷ್ಟೆ. ಫಿಟ್ಸ್ ತಡೆಯುವ ಮೆಗ್ನೀಶಿಯಂ ಸಲ್ಫೇಟ್ ಇಂಜೆಕ್ಷನ್ ಇರುವುದು ಆಸ್ಪತ್ರೆಯಲ್ಲಿ.

108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಮರೆಯಬೇಡಿ. ಗಾಡಿ ತಡವಾದರೆ ಬಾಡಿಗೆ ಜೀಪಿಗೆ ಬೇಕೆಂದು ಸಂಘದ ಉಳಿತಾಯದಲ್ಲಿ ಸ್ವಲ್ಪ ಹಣ ಕೈಯಲ್ಲೇ ಇಡುವಂತೆ ಈ ವಾರದ ಸಭೆಯಲ್ಲೇ ಠರಾವು ಬರೆದಿಡಿ.