ರಸ್ತೆಯಲ್ಲಿ ವಿನಯ, ಕಾಗದದಲ್ಲಿ ವಾದ

ನಮ್ಮ ಜಿಲ್ಲೆ ಹೆದ್ದಾರಿಗಳ ಜಿಲ್ಲೆ. ಹೊಸಪೇಟೆಯಿಂದ ಕೊಪ್ಪಳದ ಮೇಲೆ ಗದಗಿಗೆ ಸಾಗುವ 67ನೆಯ ಹೆದ್ದಾರಿ ಒಂದು, ಕುಷ್ಟಗಿಯ ಮೇಲೆ ವಿಜಯಪುರಕ್ಕೆ ಹೋಗುವ 50ನೆಯದು ಇನ್ನೊಂದು. ಗಂಗಾವತಿಯ ಭತ್ತದ ಲಾರಿಗಳೂ ಯಲಬುರ್ಗಾದಿಂದ ಕಾಲೇಜಿಗೆ ಬರುವ ಗೆಳೆಯರ ಮೋಟಾರು ಸೈಕಲ್ಲುಗಳೂ ಹಗಲಿರುಳು ಓಡುವ ನಾಡಿದು. ರಸ್ತೆ ನುಣುಪಾದಂತೆ ವೇಗ ಹೆಚ್ಚಿತು. ವೇಗದ ಬೆನ್ನಿಗೆ ದಂಡವೂ ಬಂದಿತು. ಆ ದಂಡದ ವಿಚಾರವಾಗಿ ನಾನು ಕಲಿತುದನ್ನು ವಿದ್ಯಾರ್ಥಿ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ತಂದೆಯವರು ಟಂಟಂನಲ್ಲಿ ಕಾಯಿಪಲ್ಯ ಸಾಗಿಸಿ ಮನೆ ನಡೆಸುವವರು, ಓದು ಬಾರದು. ಒಂದು ದಿನ ಅವರ ಫೋನಿಗೆ, ದೂರದ ಊರೊಂದರಲ್ಲಿ ಅತಿವೇಗದಿಂದ ಗಾಡಿ ಓಡಿಸಿದ್ದಕ್ಕೆ ದಂಡ ಕಟ್ಟಬೇಕೆಂಬ ನೋಟೀಸು ಬಂದಿತು. ಆ ಊರನ್ನು ಅವರು ಕಂಡವರೇ ಅಲ್ಲ. ಆದರೂ ಅವರೆಂದರು: “ಬ್ಯಾಡಪಾ, ಪೋಲೀಸರ ಕೂಡ ನಮಗ್ಯಾಕ ವಾದ? ಎರಡು ದಿನದ ದುಡಿಮಿ ಹೋದರ ಹೋಗ್ಲಿ, ಕಟ್ಟಿಬಿಡೂಣು.” ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಈ ಮಾತು ಕೇಳಿ ನನ್ನ ಓದಿನ ಬಗೆಗೆ ನನಗೇ ನಾಚಿಕೆಯಾಯಿತು.

ಮೊದಲು ರಸ್ತೆಯ ಮೇಲಿನ ನಡತೆಯನ್ನು ನೋಡೋಣ. ಪೋಲೀಸರು ಕೈ ತೋರಿಸಿದೊಡನೆ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಬೇಕು. ತಪ್ಪಿಸಿಕೊಂಡು ಓಡುವುದು ದಂಡಕ್ಕಿಂತ ದೊಡ್ಡ ಅಪಾಯ. ಸಮವಸ್ತ್ರದಲ್ಲಿರುವ ಪೋಲೀಸರು ಕೇಳಿದರೆ ಲೈಸನ್ಸು ತೋರಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 130ನೆಯ ಕಲಮು ಹೇಳುತ್ತದೆ. ಸರಕಾರದ ಡಿಜಿಲಾಕರಿನಲ್ಲಿ ಅಥವಾ ಎಂಪರಿವಾಹನದಲ್ಲಿ ಇರುವ ಪ್ರತಿಯೂ ನಡೆಯುತ್ತದೆ. ಲೈಸನ್ಸನ್ನು ವಶಪಡಿಸಿಕೊಂಡರೆ ಅದಕ್ಕೆ ಸ್ವೀಕೃತಿ ಪತ್ರ ಕೊಡಬೇಕೆಂದು 206ನೆಯ ಕಲಮಿನಲ್ಲಿದೆ. “ಸರ್, ಎಷ್ಟು ವೇಗವಿತ್ತು? ಯಂತ್ರದಲ್ಲಿ ತೋರಿಸುವಿರಾ?” ಎಂದು ವಿನಯದಿಂದ ಕೇಳಬಹುದು, ಅದಕ್ಕಿಂತ ಹೆಚ್ಚಿನ ವಾದ ಅಲ್ಲಿ ಬೇಡ. ಹಣ ಕೊಟ್ಟರೆ ರಸೀದಿ ಪಡೆಯಲೇಬೇಕು. ರಸೀದಿಯಿಲ್ಲದ ಹಣ ದಂಡವಲ್ಲ, ಲಂಚ. ಕೊಟ್ಟವನೂ ಅದರಲ್ಲಿ ಪಾಲುದಾರ.

ಇನ್ನು ದಂಡದ ಮಾತು. 2019ರ ತಿದ್ದುಪಡಿಯಂತೆ ಅತಿವೇಗಕ್ಕೆ ಲಘು ವಾಹನವಾದರೆ 1000ದಿಂದ 2000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನವಾದರೆ 2000ದಿಂದ 4000 ರೂಪಾಯಿ ದಂಡವುಂಟು. ಆದರೆ ಅದೇ 183ನೆಯ ಕಲಮಿನಲ್ಲಿ ಇನ್ನೊಂದು ಮಾತೂ ಇದೆ. ‘ನನ್ನ ಅಭಿಪ್ರಾಯದಲ್ಲಿ ಇವನು ಜೋರಾಗಿ ಹೋಗುತ್ತಿದ್ದ’ ಎಂದು ಒಬ್ಬನೇ ಸಾಕ್ಷಿ ನುಡಿದರೆ, ಆ ಅಭಿಪ್ರಾಯಕ್ಕೆ ಯಂತ್ರದ ಅಳತೆಯ ಆಧಾರವಿಲ್ಲದಿದ್ದರೆ, ಅಷ್ಟರಿಂದಲೇ ಯಾರನ್ನೂ ಅಪರಾಧಿಯೆನ್ನಲಾಗದು. ಬಡವನ ಪಾಲಿಗೆ ಇದು ಸಣ್ಣ ರಕ್ಷಣೆಯಲ್ಲ.

ಕ್ಯಾಮರಾ ಹಿಡಿದ ದಂಡಕ್ಕೆ 2021ರ ಆಗಸ್ಟಿನಲ್ಲಿ ಹೊರಟ 167ಎ ನಿಯಮ ಅನ್ವಯಿಸುತ್ತದೆ. ಅದರ ಪ್ರಕಾರ ಯಂತ್ರಕ್ಕೆ ಮಂಜೂರಾತಿಯ ಪ್ರಮಾಣಪತ್ರವಿರಬೇಕು. ಅದು ವರ್ಷವರ್ಷವೂ ನವೀಕರಣಗೊಳ್ಳಬೇಕು. ಕ್ಯಾಮರಾ ಇದೆಯೆಂದು ತಿಳಿಸುವ ಫಲಕ ರಸ್ತೆಯಲ್ಲಿರಬೇಕು. ತಪ್ಪು ನಡೆದ 15 ದಿನಗಳೊಳಗೆ ನೋಟೀಸು ಕಳಿಸಬೇಕು. ಅದರಲ್ಲಿ ನಂಬರು ಕಾಣುವ ಚಿತ್ರ, ಯಂತ್ರದ ಅಳತೆ, ದಿನ, ವೇಳೆ, ಸ್ಥಳ ಎಲ್ಲವೂ ಇರಬೇಕು. ಆದ್ದರಿಂದ ನೋಟೀಸು ಬಂದಾಗ ಮೊದಲು ಮಾಡತಕ್ಕ ಕೆಲಸ ಹಣ ಕಟ್ಟುವುದಲ್ಲ, ಓದುವುದು. ಒಮ್ಮೆ ದಂಡ ಕಟ್ಟಿ ರಾಜಿಯಾದರೆ ಪ್ರಕರಣ ಅಲ್ಲಿಗೆ ಮುಗಿಯಿತು. ಆಮೇಲೆ ವಾದಕ್ಕೆ ಎಡೆಯಿಲ್ಲ.

ನಾನೂ ಓದಿದೆ. ನಮ್ಮದು ಮೂರು ಗಾಲಿಯ ಟಂಟಂ. ಚಿತ್ರದಲ್ಲಿದ್ದುದು ನಾಲ್ಕು ಗಾಲಿಯ ಕಾರು! ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿತ್ತು. ಒಂದೇ ಪುಟದ ಅರ್ಜಿ ಬರೆದು, ಗಾಡಿಯ ನೋಂದಣಿಯ ನಕಲನ್ನೂ ನಮ್ಮ ಟಂಟಂನ ಚಿತ್ರವನ್ನೂ ಲಗತ್ತಿಸಿ, ದಂಡ ಹಾಕಿದ ಠಾಣೆಗೆ ಕಳಿಸಿದೆ. ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡೆ. ಕೆಲವು ವಾರಗಳ ಮೇಲೆ ದಂಡ ರದ್ದಾಯಿತು.

ಅರ್ಜಿಯನ್ನು ಒಪ್ಪದಿದ್ದರೆ ಏನು ಮಾಡಬೇಕು? ಪ್ರಕರಣವನ್ನು ಮ್ಯಾಜಿಸ್ಟ್ರೇಟರ ಮುಂದೆ ನಡೆಸಿ ತಪ್ಪನ್ನು ಅಲ್ಲಗಳೆಯಬಹುದು. ಅಲ್ಲಿ ಸೋತರೆ ಕಾಯಿದೆಯ ಪೂರ್ತಿ ದಂಡ ಬೀಳಬಹುದೆಂಬ ಎಚ್ಚರವಿರಲಿ. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು. 1987ರ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಅಲ್ಪ ಆದಾಯದವರಿಗೆ ಅಲ್ಲಿ ಉಚಿತ ನೆರವುಂಟು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಎರಡು ತಿಂಗಳ ತರುವಾಯ ಕುಷ್ಟಗಿಯ ಹತ್ತಿರ ನನ್ನ ಮೋಟಾರು ಸೈಕಲ್ಲನ್ನೇ ನಿಲ್ಲಿಸಿದರು. ಫಲಕದಲ್ಲಿ 40 ಎಂದಿತ್ತು, ಯಂತ್ರದಲ್ಲಿ 71 ಎಂದಿತ್ತು. ಕಲಮುಗಳೆಲ್ಲ ನಾಲಗೆಯ ತುದಿಗೆ ಬಂದುವು. ಆದರೆ ಫಲಕದಾಚೆ ಶಾಲೆಯ ಮಕ್ಕಳು ರಸ್ತೆ ದಾಟುತ್ತಿದ್ದರು. ತಪ್ಪು ನನ್ನದೇ, ದಂಡ ಕಟ್ಟಿ ರಸೀದಿ ಪಡೆದೆ. ಮನೆಯಲ್ಲಿ ತಂದೆಯವರು ಕೇಳಿದರು: “ಇದಕ್ಕ ಅರ್ಜಿ ಬರಿಯಂಗಿಲ್ಲೇನು?” “ಇಲ್ಲಪ್ಪಾ, ಇದು ಖರೇ ಐತಿ” ಎಂದೆ. ಅವರು ನಕ್ಕು ಸುಮ್ಮನಾದರು.

ಮಾಡದ ತಪ್ಪಿಗೆ ಹೆದರಿ ಹಣ ಕಟ್ಟುವುದು ವಿನಯವಲ್ಲ. ಮಾಡಿದ ತಪ್ಪನ್ನು ಕಾನೂನಿನ ಸಂದಿಯಲ್ಲಿ ಅಡಗಿಸುವುದು ಜಾಣತನವೂ ಅಲ್ಲ. ಇವೆರಡರ ಭೇದವನ್ನರಿತು, ನೋಟೀಸು ಓದಲಾರದ ನೆರೆಮನೆಯವರಿಗೂ ಒಂದು ಅರ್ಜಿ ಬರೆದುಕೊಟ್ಟರೆ ನಮ್ಮ ಪದವಿ ಸಾರ್ಥಕವಾದೀತು.