ಬರೇ ಚಹಾ ಕುಡದೀನ್ರೀ

ರೋಣದ ತಾಲ್ಲೂಕು ಆಸ್ಪತ್ರೆ. ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಹಸಿರು ಗೌನು ತೊಟ್ಟ ನಡುವಯಸ್ಸಿನ ತಾಯಿ ಕೂತಿದ್ದಾರೆ. ಗರ್ಭಕೋಶದ ಆಪರೇಷನ್. ಮಾಸ್ಕು ಇಳಿಸಿ ಪಕ್ಕಕ್ಕೆ ಬಂದ ಡಾಕ್ಟರು, ‘ಯವ್ವಾ, ಮುಂಜಾನಿಂದ ಏನರ ತಿಂದೀರೇನು?’ ಎಂದರು.

‘ಏನೂ ಇಲ್ರೀ ಯಪ್ಪಾ. ಬರೇ ಚಹಾ ಕುಡದೀನ್ರೀ.’

ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಮಗನಿಗೆ ಸಿಟ್ಟು. ಡಾಕ್ಟರು ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: ಹಾಲು ಹಾಕಿದ ಚಹಾ ಎಂದರೆ ಊಟದ ಲೆಕ್ಕವೇ, 6 ತಾಸು ಬಿಡಬೇಕು, ಬರೀ ನೀರಾದರೆ 2 ತಾಸು ಸಾಕು. ಪೂರ್ತಿ ಎಚ್ಚರ ತಪ್ಪಿಸಬೇಕಾಗಿ ಬಂದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಕುತ್ತು. ‘ಹಂಗಾರ ಆಪರೇಷನ್ ಮಾಡೋರು ನೀವೇನ್ರಿ?’ ಎಂದ ಮಗ. ಅಲ್ಲ, ಇವರು ಅರಿವಳಿಕೆ ತಜ್ಞರು. ಎಂಬಿಬಿಎಸ್ ಮುಗಿಸಿ ಇದನ್ನೇ ಬೇರೆಯಾಗಿ ಓದಿದವರು. ಸೂಜಿ ಚುಚ್ಚಿ ಹೊರಟುಹೋಗುವವರೆಂದು ನಮ್ಮ ಜನ ತಿಳಿದಿದ್ದಾರೆ. ಆದರೆ ನಾಡಿ, ಬಿಪಿ, ಉಸಿರು ನೋಡುತ್ತ ಕೊನೆತನಕ ತಲೆಯ ಬಳಿ ನಿಲ್ಲುವವರು ಇವರೇ.

ನರಗುಂದದ ಹೆರಿಗೆ ವಾರ್ಡಿನಲ್ಲಿ ಮಾತೆಲ್ಲ ಅರಿವಳಿಕೆಗೆ ಕೊಡುವ ಬೆನ್ನಿನ ಸೂಜಿಯದೇ. ‘ಅದನ್ನ ಮಾಡಿಸ್ಕೊಂಡ್ರ ಸಾಯೂತನಕ ಬೆನ್ನು ನೋಯ್ತದ’ ಎಂದು ಬಾಣಂತಿಯ ಅತ್ತೆ ಖಚಿತವಾಗಿ ಹೇಳುತ್ತಾರೆ. ಜರ್ಮನಿಯ ಆಗಸ್ಟ್ ಬಿಯರ್ 1898ರಲ್ಲಿ ಆರಂಭಿಸಿದ ವಿಧಾನ ಇದು. ಬೆನ್ನುಹುರಿ ಮುಗಿಯುವಲ್ಲಿಂದ ಕೆಳಗೆ, ತೀರಾ ಸಣ್ಣ ಸೂಜಿ. ಕೆಲವರಿಗೆ ಕೆಲದಿನ ತಲೆನೋವು ಬರುವುದುಂಟು, ಅದಕ್ಕೆ ಚಿಕಿತ್ಸೆಯಿದೆ. ವರ್ಷಗಟ್ಟಲೆ ಕಾಡುವ ಬೆನ್ನುನೋವಿಗೆ ಮಾತ್ರ ಬಸಿರು, ಕೂಸನ್ನು ಎತ್ತಿ ಬಗ್ಗುವ ದುಡಿಮೆ, ವಿಶ್ರಾಂತಿಯಿಲ್ಲದ ಬಾಣಂತನ ಕಾರಣ. ತಪ್ಪು ಸೂಜಿಯ ತಲೆಗೆ ಬರುತ್ತದೆ, ಆ ಹೆಣ್ಣುಮಗಳಿಗೆ ವಿಶ್ರಾಂತಿ ಸಿಗುವುದೇ ಇಲ್ಲ. ನನಗೆ ನೋವೆನಿಸುವುದು ಇದೇ.

ಹಳ್ಳಿಗಾಡಿನಲ್ಲಿ ಅರಿವಳಿಕೆ ತಜ್ಞರ ಕೊರತೆ ಹಳೆಯದು. ತುರ್ತು ಹೆರಿಗೆಗಾಗಿ ಎಂಬಿಬಿಎಸ್ ವೈದ್ಯರಿಗೇ 18 ವಾರಗಳ ಅರಿವಳಿಕೆ ತರಬೇತಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ತಂದದ್ದು ಅದಕ್ಕೇ.

ಗಜೇಂದ್ರಗಡದಲ್ಲಿ ಕಂಡದ್ದು ಬೇರೆ. ಹರ್ನಿಯಾ ಆಪರೇಷನ್‌ಗೆ ಬಂದ ಯುವಕನಿಗೆ ‘ಬಾಯಿ ತೆರಿಯಪ್ಪಾ’ ಎಂದರೆ ಎರಡು ಬೆರಳೂ ಹಿಡಿಸದು. ವರ್ಷಗಳ ಗುಟ್ಕಾ. ಉಸಿರಿನ ನಳಿಕೆ ಇಳಿಸುವ ಪ್ರಸಂಗ ಬಂದರೆ ಬಹಳ ಕಷ್ಟ. ಅವನು ಗುಟ್ಕಾದ ಮಾತನ್ನೇ ಎತ್ತಿರಲಿಲ್ಲ. ತಂದೆ ಪಕ್ಕದಲ್ಲೇ ನಿಂತಿದ್ದರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಿಗದಿಯಾದರೆ, ಅರಿವಳಿಕೆ ಕೊಡುವ ಡಾಕ್ಟರನ್ನು ಹಿಂದಿನ ದಿನವೇ ಕಂಡು ಮಾತಾಡಿ. ದಮ್ಮು, ಸಕ್ಕರೆ ಕಾಯಿಲೆ, ನುಂಗುತ್ತಿರುವ ಗುಳಿಗೆ, ಅಲುಗಾಡುವ ಹಲ್ಲು, ಚಟ, ಯಾವುದನ್ನೂ ಮುಚ್ಚಿಡಬೇಡಿ.