ಪುರುಸೊತ್ತು ಯಾರದು?

ಬೆಳಗಿನ ಐದೂವರೆಗೆ ಆಂಟನಿ ಟ್ರಾಲಪ್ ಮೇಜಿನ ಮುಂದೆ ಹಾಜರ್. ಹತ್ತೊಂಬತ್ತನೇ ಶತಮಾನದ ಈ ಇಂಗ್ಲಿಷ್ ಕಾದಂಬರಿಕಾರರಿಗೆ ಹೊಟ್ಟೆಪಾಡು ಅಂಚೆ ಇಲಾಖೆಯ ನೌಕರಿ. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆಯುತ್ತಿದ್ದರು. ಈ ಕೂಲಿ ಮುಗಿದ ಮೇಲೆ ತಿಂಡಿ, ಆಮೇಲೆ ಕಚೇರಿ. ಇಲಾಖೆಯ ಕೆಲಸಕ್ಕೆ ರೈಲು ಹತ್ತಿದರೆ ತೊಡೆಯ ಮೇಲೊಂದು ಹಲಗೆ, ಕೈಯಲ್ಲಿ ಪೆನ್ಸಿಲ್. ‘ಬಾರ್ಚೆಸ್ಟರ್ ಟವರ್ಸ್’ ಕಾದಂಬರಿಯ ಬಹುಪಾಲು ಹುಟ್ಟಿದ್ದೇ ರೈಲು ಡಬ್ಬಿಯಲ್ಲಿ. 1858ರಲ್ಲಿ ಅಂಚೆ ಒಪ್ಪಂದಕ್ಕೆಂದು ಈಜಿಪ್ಟಿಗೆ ಹೊರಟಾಗ ಹಡಗಿನಲ್ಲಿ ಹೊಟ್ಟೆ ತೊಳಸಿ, ಹಾಳೆಗಳನ್ನು ಮೇಜಿನ ಮೇಲೇ ಬಿಟ್ಟು ವಾಂತಿಗೆ ಓಡಿದ್ದೂ ಉಂಟು. ‘ಡಾಕ್ಟರ್ ಥಾರ್ನ್’ ಮುಗಿದ ಮರುದಿನವೇ ಮುಂದಿನ ಕಾದಂಬರಿ ಶುರು. ಒಟ್ಟು 47.

“ಬರೆಯೋ ಆಸೆಯಿದೆ, ಪುರುಸೊತ್ತೇ ಇಲ್ಲ” ಎನ್ನುವವರನ್ನು ಈ ಕತೆ ಹೇಳಿ ನಾಚಿಸುವುದು ಸುಲಭ. ಆದರೆ ಟ್ರಾಲಪ್ ಆತ್ಮಕತೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದ ಎರಡು ಸಂಗತಿಗಳನ್ನು ಹಾಗೆ ಹೇಳುವವರು ನುಂಗಿಬಿಡುತ್ತಾರೆ. ಅವರನ್ನು ಎಬ್ಬಿಸಿ ಕಾಫಿ ಕೊಡಲೆಂದೇ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಪಡೆಯುವ ಮುದಿ ಆಳೊಬ್ಬನಿದ್ದ. ಅವನು ಇನ್ನೂ ಬೇಗ ಏಳಬೇಕಿತ್ತು! ಪೆನ್ಸಿಲ್ ಹಾಳೆಗಳನ್ನು ಪ್ರತಿ ಮಾಡಿಕೊಡುತ್ತಿದ್ದವರು ಹೆಂಡತಿ ರೋಸ್.

ಕೆನಡಾದ ಆಲಿಸ್ ಮನ್ರೋ ಅವರಿಗೆ ಅಂಥ ಆಳಿರಲಿಲ್ಲ. ಮಕ್ಕಳು ಮಲಗಿದಾಗಷ್ಟೇ ಬರವಣಿಗೆ. ಕಾದಂಬರಿ ಬರೆಯುವ ಮನಸ್ಸಿದ್ದವರು ಅಷ್ಟುದ್ದದ ಬಿಡುವು ಸಿಗದೆ ಸಣ್ಣ ಕತೆಗೆ ಹೊರಳಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಮೊದಲ ಸಂಕಲನ ಬಂದಾಗ 37 ವರ್ಷ. 2013ರಲ್ಲಿ ನೊಬೆಲ್ ಬಂದದ್ದು ಆ ಸಣ್ಣ ಕತೆಗಳಿಗೇ.

ಬಿಡುವು ಎಷ್ಟುದ್ದವೋ ಬರಹ ಅಷ್ಟುದ್ದ ಎಂಬುದಕ್ಕೆ ನಮ್ಮಲ್ಲೂ ಸಾಕ್ಷಿಗಳಿವೆ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಬರೆದದ್ದು ಸಣ್ಣ ಕತೆಗಳು, ‘ಸುಬ್ಬಣ್ಣ’ದಂಥ ನೀಳ್ಗತೆ. 1943ರಲ್ಲಿ ರಾಜೀನಾಮೆ ಕೊಟ್ಟ ಮೇಲೆಯೇ ದೊಡ್ಡ ಕಾದಂಬರಿಗಳು. ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ. ಹಾಸನದಲ್ಲಿ ವಕೀಲಿಕೆ, ಹೋರಾಟ, ಸಂಸಾರ ಮೂರನ್ನೂ ನಿಭಾಯಿಸಿದ ಬಾನು ಮುಷ್ತಾಕ್ ಅವರ 12 ಕತೆಗಳು ‘ಹಾರ್ಟ್ ಲ್ಯಾಂಪ್’ ಆಗಿ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದವು. ಅವು ಮೂರು ದಶಕಗಳ ಉದ್ದಕ್ಕೂ ಬರೆದ ಕತೆಗಳಿಂದ ಆರಿಸಿದವು.

ಎಂ.ಕೆ. ಇಂದಿರಾ ಅವರ ಲೆಕ್ಕವೇ ಬೇರೆ. ಹನ್ನೆರಡಕ್ಕೆ ಮದುವೆ. ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂದಾಗ ವಯಸ್ಸು 46. ನಡುವಿನ ಮೂವತ್ತನಾಲ್ಕು ವರ್ಷವನ್ನು ‘ತಡ’ ಎಂದು ಬರೆದುಹಾಕುವುದು ಅನ್ಯಾಯ. ಮಲೆನಾಡಿನ ಅಡುಗೆಮನೆ, ಹಜಾರ, ಬಾಣಂತಿಕೋಣೆಗಳ ಮಾತು ಅವರ ಕಿವಿಗೆ ಬಿದ್ದದ್ದು ಆಗಲೇ. 1976ರ ‘ಫಣಿಯಮ್ಮ’ದಲ್ಲಿ ಅದೆಲ್ಲ ತಾಜಾ ಇದೆ.

ಹಾಗಾದರೆ ನೌಕರಿ ಬಿಡದೆ ದೊಡ್ಡ ಕಾದಂಬರಿ ಸಾಧ್ಯವೇ ಇಲ್ಲವೆ? ಯಶವಂತ ಚಿತ್ತಾಲರು ಈ ವಾದವನ್ನು ಕೆಡಿಸುತ್ತಾರೆ. ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ಅವರು 1979ರಲ್ಲಿ ‘ಶಿಕಾರಿ’ ಕೊಟ್ಟರು. ಹಗಲನ್ನು ತಿಂದ ಕಂಪನಿಯೇ ಅವರಿಗೆ ವಸ್ತುವನ್ನೂ ಕೊಟ್ಟಿತು: ಮೇಲಧಿಕಾರಿಗಳ ಸಂಚು, ಗುಮಾನಿ, ವಿಚಾರಣೆ. ಕಥಾನಾಯಕ ನಾಗಪ್ಪ ಕೆಲಸದಿಂದ ಅಮಾನತಾದವನು. ಪುರುಸೊತ್ತಿಲ್ಲದ ಅಧಿಕಾರಿ ಕೂತು ಬರೆದದ್ದು, ಬಲವಂತದ ಪುರುಸೊತ್ತಿಗೆ ಸಿಕ್ಕಿಬಿದ್ದ ಅಧಿಕಾರಿಯ ಕತೆಯನ್ನು.